ಹೆಸರಿಲ್ಲದ ಟ್ರೇ

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟ ತಕ್ಷಣ ಚುಸ್ಸೆಂದು ಏಳುವ ಆವಿಯ ವಾಸನೆ. ಅದರೊಳಗೆ ಸ್ವಲ್ಪ ಹೊಲಿಗೆ ಯಂತ್ರದ ಎಣ್ಣೆ, ಸ್ವಲ್ಪ ಗುರುತು ಹಾಕುವ ಸೀಮೆಸುಣ್ಣ. ಅವಳ ಬಾಲ್ಯವೆಲ್ಲ ಈ ವಾಸನೆಯಲ್ಲೇ ಕಳೆದಿತ್ತು. ಅಪ್ಪನ ಟೈಲರ್ ಅಂಗಡಿ ಎಷ್ಟು ಕಿರಿದೆಂದರೆ, ಗಿರಾಕಿ ಒಳಗೆ ಬಂದರೆ ಅವಳು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹೋಗಿ ಕೂರಬೇಕಾಗಿತ್ತು. ಅಲ್ಲಿ ಕೂತೇ ಶಾಲೆಯ ಪಾಠ ಓದುತ್ತಿದ್ದಳು. ಬಂದವರು ಯಾರೆಂದು ಕಾಲು ನೋಡಿಯೇ ಹೇಳುತ್ತಿದ್ದಳು.

ಅಪ್ಪ ಟೇಪು ಕೈಗೆತ್ತಿಕೊಳ್ಳುವ ಮೊದಲು ಮಾತಿಗಿಳಿಯುತ್ತಿದ್ದರು. ಪ್ಯಾಂಟು ಹೊಲಿಸಲು ಬಂದವನನ್ನು "ಕೂತು ಮಾಡೋ ಕೆಲಸವೋ, ನಿಂತು ಮಾಡೋ ಕೆಲಸವೋ?" ಎಂದು ಕೇಳುವರು. ಟೀಚರಮ್ಮ ಬಂದರೆ, "ಎಲ್ಲಿ, ಬೋರ್ಡಿನ ಮೇಲ್ಗಡೆ ಬರೆಯೋ ಹಾಗೆ ಕೈ ಎತ್ತಿ, ನೋಡೋಣ," ಎನ್ನುವರು. ಕಾಯುತ್ತಿದ್ದವರು ನಕ್ಕರೂ ಅಪ್ಪ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ಅವಳೇ ಮೇಜಿನ ಕೆಳಗಿನಿಂದ ತಲೆ ಹೊರಹಾಕಿ, "ಯಾಕಪ್ಪಾ ಅಷ್ಟೊಂದು ಮಾತು? ಅಳತೆ ತಗೊಂಡು ಕಳಿಸಬಾರದಾ?" ಎಂದು ಕೇಳಿದ್ದಳು.

"ಟೇಪು ನೋಡಿದ ತಕ್ಷಣ ಎಲ್ಲರೂ ಹೊಟ್ಟೆ ಒಳಗೆ ಎಳ್ಕೋತಾರೆ ಪುಟ್ಟಿ. ಆ ಅಳತೆಗೆ ಹೊಲಿದ್ರೆ ಊಟಕ್ಕೆ ಕೂತಾಗ ಗುಂಡಿ ಹಾರಿಹೋಗುತ್ತೆ. ಮಾತಾಡ್ತಾ ಮಾತಾಡ್ತಾ ಹೊಟ್ಟೆ ಸಡಿಲ ಬಿಡ್ತಾರಲ್ಲ, ಆಗ ತಗೋಬೇಕು ಅಳತೆ."

ಆ ಪುಟ್ಟಿಗೆ ಈಗ ನಲವತ್ತು ದಾಟಿದೆ. ದೊಡ್ಡದೊಂದು ಆಸ್ಪತ್ರೆಯ ವಿಚಾರಣೆ ಕೌಂಟರಿನಲ್ಲಿ ಕೂತು, ಎಕ್ಸ್‌ರೇ ಎಲ್ಲಿ, ಶೌಚಾಲಯ ಎಲ್ಲಿ, ಡಾಕ್ಟರು ಬಂದರಾ, ಯಾಕೆ ಬಂದಿಲ್ಲ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಗಂಟಲು ಸವೆಸಿಕೊಂಡವಳು. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು 'ವಿಚಾರಣೆಯಕ್ಕ'. ಕೆಲಸದ ವ್ಯವಸ್ಥೆಯನ್ನೆಲ್ಲ ಕಂಪ್ಯೂಟರಿಗೆ ತರುತ್ತಾರೆ, ಅದಕ್ಕೊಬ್ಬ ಬಿಸಿನೆಸ್ ಅನಲಿಸ್ಟ್ ಬೇಕು, ಒಳಗಿನವರೂ ಅರ್ಜಿ ಹಾಕಬಹುದು ಎಂಬ ಸೂಚನೆ ಹೊರಬಿದ್ದಾಗ ಅವಳು ಸಂಜೆಯ ತರಗತಿಗೆ ಸೇರಿಕೊಂಡಳು. ಕಾಲೇಜಿಗೆ ಹೋಗುವ ಮಗಳು ಪಕ್ಕದಲ್ಲಿ ಕೂತು ಕಂಪ್ಯೂಟರ್ ಕಲಿಸಿದಳು. "ಅಮ್ಮಾ, ಮೌಸು ಎಲ್ಲೂ ಓಡಿಹೋಗಲ್ಲ. ಅದರ ಕತ್ತು ಹಿಸುಕಬೇಡ," ಎಂದು ಗೋಳಾಡಿದರೂ ಎದ್ದು ಹೋಗುತ್ತಿರಲಿಲ್ಲ. ಅವಳ ಗಂಡ ಲಿಫ್ಟ್ ರಿಪೇರಿ ಮಾಡುವವನು. ತರಗತಿ ಇರುವ ದಿನ ಅಡುಗೆ ತನ್ನದು ಎಂದು ಬಾಯಿಬಿಟ್ಟು ಹೇಳಲಿಲ್ಲ, ಸುಮ್ಮನೆ ತರಕಾರಿ ಹೆಚ್ಚತೊಡಗಿದ.

ಪರೀಕ್ಷೆ ಪಾಸಾಯಿತು, ಕೆಲಸವೂ ಸಿಕ್ಕಿತು. ಆದರೆ ಮೊದಲು ಪ್ರೊಬೇಷನ್. ಅವಳ ಕೆಲಸ ಮೇಲಿನವರಿಗೆ ಹಿಡಿಸದಿದ್ದರೆ ಮತ್ತೆ ಅದೇ ಕೌಂಟರು.

"ಇದು ಯಾವ ಕೆಲಸವೇ?" ಎಂದು ಮನೆಗೆ ಬಂದಿದ್ದ ಚಿಕ್ಕಮ್ಮ ಕೇಳಿದಳು.

"ಕೆಲಸ ಮಾಡೋರಿಗೆ ಏನು ಬೇಕು ಅಂತ ಕೇಳಿ, ಪ್ರೋಗ್ರಾಂ ಮಾಡೋರಿಗೆ ಅರ್ಥವಾಗೋ ಹಾಗೆ ಬರೆದುಕೊಡೋದು ಚಿಕ್ಕಮ್ಮಾ."

"ಅಂದ್ರೆ ಇದೂ ವಿಚಾರಣೆಯೇ! ಕುರ್ಚಿ ಮಾತ್ರ ಬೇರೆ."

ಈಗ ಅವಳ ಮನೆಯಲ್ಲೇ ಇರುವ, ಬೆರಳು ಸೆಟೆದುಕೊಂಡು ಸೂಜಿ ಹಿಡಿಯಲಾಗದ ಅಪ್ಪ ಮೂಲೆಯಿಂದ ಹೇಳಿದರು, "ಅಳತೆ ತಗೊಳ್ಳೋ ಕೆಲಸ ಕಣಮ್ಮ. ಹೊಲಿಯೋರು ಬೇರೆ."

ಅವಳ ಮ್ಯಾನೇಜರ್ ಮಾತಿನಲ್ಲಿ ಸ್ವಲ್ಪ ಒರಟು. ಆದರೆ ತಪ್ಪು ತೋರಿಸುವ ಮೊದಲು ತಾವೇ ಎದ್ದು ಹೋಗಿ ಕೋಣೆಯ ಗಾಜಿನ ಬಾಗಿಲು ಮುಚ್ಚಿ ಬರುವರು. ಹೊರಗಿನವರಿಗೆ ಒಂದಕ್ಷರವೂ ಕೇಳಿಸಬಾರದು. ಕೆಲಸ ಯಾರಿಂದ ಯಾರಿಗೆ ಸಾಗುತ್ತದೆಂದು ಅವಳು ಮೊದಲ ಸಲ ಬರೆದುಕೊಟ್ಟ ನಕ್ಷೆ ನೋಡಿ ಬಾಗಿಲು ಮುಚ್ಚಿದರು.

"'ರೋಗಿಗೆ ಊಟ ತಲುಪುತ್ತದೆ' ಅಂತ ಬರೆದಿದ್ದೀರಿ. ಊಟ ತಾನಾಗೇ ನಡ್ಕೊಂಡು ಬರುತ್ತಾ? ಯಾರು ತರ್ತಾರೆ? ಯಾರ ಕೈಗೆ ಕೊಡ್ತಾರೆ? ಆ ಮನುಷ್ಯ ಅವತ್ತು ರಜೆ ಹಾಕಿದ್ರೆ?"

ಅವಳು ತಿದ್ದಿದಳು. ಮತ್ತೆ ತೋರಿಸಿದಳು, ಮತ್ತೆ ಬಾಗಿಲು ಮುಚ್ಚಿತು. ಬರಬರುತ್ತಾ ಬಾಗಿಲು ಮುಚ್ಚುವುದು ಕಡಿಮೆಯಾಯಿತು. 'ಬೇಗ' ಎಂದು ಯಾರಾದರೂ ಹೇಳಿದರೆ ಎಷ್ಟು ಬೇಗ ಎಂದು ಕೇಳುವುದು, 'ಯಾವಾಗಲೂ' ಎಂದರೆ ಹಾಗೆ ಆಗದೇ ಇದ್ದ ದಿನದ ಕತೆ ಹೇಳಿಸುವುದು, ಇಬ್ಬರು ಎರಡು ಥರ ಹೇಳಿದರೆ ಇಬ್ಬರನ್ನೂ ಜಗಳವಿಲ್ಲದೆ ಒಂದೇ ಮೇಜಿಗೆ ಕೂರಿಸುವುದು, ಇವೆಲ್ಲ ಅವಳಿಗೆ ಒಂದೊಂದಾಗಿ ಕೈವಶವಾದವು.

ಅವಳಿಗೆ ಒಪ್ಪಿಸಿದ್ದು ರೋಗಿಗಳ ಊಟದ ವ್ಯವಸ್ಥೆ. ವಾರ್ಡಿನ ಸಿಸ್ಟರು ಬೆಳಿಗ್ಗೆ ಯಾರಿಗೆ ಏನು ಊಟವೆಂದು ಬರೆದು ಕಳಿಸುವರು, ನೆಲಮಾಳಿಗೆಯ ಅಡುಗೆಮನೆ ಟ್ರೇಗಳನ್ನು ಜೋಡಿಸಿ ಮೇಲೆ ಕಳಿಸುವುದು. ಇದೆಲ್ಲ ಇನ್ನು ಕಂಪ್ಯೂಟರಿನಲ್ಲಿ ಆಗಬೇಕು. ಅವಳು ಹಳೆಯ ಚೀಟಿಗಳನ್ನು ತಾಳೆ ನೋಡಿದಾಗ ಒಂದು ವಿಚಿತ್ರ ಕಂಡಿತು. ಪ್ರತಿ ಮಹಡಿಗೂ ಕೇಳಿದ್ದಕ್ಕಿಂತ ಒಂದು ಟ್ರೇ ಹೆಚ್ಚಿಗೆ ಹೋಗುತ್ತಿತ್ತು. ಅದಕ್ಕೆ ರೋಗಿಯ ಹೆಸರಿಲ್ಲ, ಹಾಸಿಗೆಯ ನಂಬರೂ ಇಲ್ಲ.

ಮೇಲ್ಮಹಡಿಯ ಮೀಟಿಂಗ್ ರೂಮಿನಲ್ಲಿ, ಡೈರೆಕ್ಟರ್ ಮೇಡಂ ಎದುರಿಗೇ ಅವಳು ಅದನ್ನು ಕೇಳಿದಳು. ಅಡುಗೆಮನೆಯ ಮುಖ್ಯಸ್ಥ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. "ಎಲ್ಲೋ ಒಂದೊಂದು ಹೆಚ್ಚುಕಮ್ಮಿ ಆಗಿರುತ್ತೆ ಮೇಡಂ. ಸರಿ ಮಾಡ್ಕೋತೀವಿ," ಎಂದ. ಮೂರನೇ ಮಹಡಿಯ ಹಿರಿಯ ಸಿಸ್ಟರು, "ನಮಗೇನೂ ತೊಂದರೆ ಇಲ್ಲ," ಎಂದರು. ಅವಳು ಬರೆದುಕೊಂಡಳು: ಹೆಸರಿಲ್ಲದ ಟ್ರೇ ಅಡುಗೆಮನೆಯಿಂದ ಹೊರಡಕೂಡದು.

ಮೂರನೇ ಮಹಡಿಯಲ್ಲಿ ಪ್ರಯೋಗ ಶುರುವಾಯಿತು. ಟ್ರೇ ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಪೋಲಾಗುವ ಊಟ ನಿಂತಿತೆಂದು ಡೈರೆಕ್ಟರ್ ಮೇಡಂ ಸಂತೋಷಪಟ್ಟರು. "ಇದೇ ನಿಮ್ಮ ಕೈ ಹಿಡಿಯುತ್ತೆ ನೋಡಿ. ವಾರದ ಕೊನೆಗೆ ಮೀಟಿಂಗ್ ಇದೆ. ವರದಿ ಒಪ್ಪಿದ್ರೆ ನಿಮ್ಮನ್ನ ಕಾಯಂ ಮಾಡೋ ಕಾಗದವೂ ಅವತ್ತೇ," ಎಂದರು ಮ್ಯಾನೇಜರ್. ವರದಿ ಮೇಡಂಗೆ ಹೋಗಿಯಾಗಿತ್ತು, ಇನ್ನು ಬೇಕಾಗಿದ್ದದ್ದು ಹಿರಿಯ ಸಿಸ್ಟರ ಒಪ್ಪಿಗೆ ಒಂದೇ.

ಅವಳು ವಾರ್ಡಿಗೆ ಹೋದಾಗ ಊಟದ ಹೊತ್ತು ಮೀರಿತ್ತು. ಖಾಲಿ ಟ್ರೇಗಳ ಟ್ರಾಲಿ ಕೆಳಗೆ ಹೋಗಿಯಾಗಿತ್ತು. "ಎಲ್ಲಾ ಸರಿಯಾಗಿದೆ. ಎಲ್ಲಿ ಸಹಿ?" ಎಂದರು ಸಿಸ್ಟರು, ಮುಖವೆತ್ತದೆ. ಅಷ್ಟರಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕರನ್ನು ತಂದರು. ಸ್ಕ್ಯಾನಿಗೆಂದು ಬೆಳಗಿನಿಂದ ಖಾಲಿ ಹೊಟ್ಟೆಯಲ್ಲಿ ಇಟ್ಟಿದ್ದವರು. ಸಿಸ್ಟರು ಅವಳ ಕೈಗೆ ಪೆನ್ನು ವಾಪಸು ಕೊಟ್ಟು, ತಮ್ಮ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು, ನೀರಿನ ಲೋಟದ ಜೊತೆ ಮುದುಕರ ಮಡಿಲಲ್ಲಿಟ್ಟರು.

ಅವಳು ಸಹಿ ಕೇಳಲಿಲ್ಲ. ಪಕ್ಕದ ಖಾಲಿ ಹಾಸಿಗೆಯ ಹೊದಿಕೆ ಬದಲಾಯಿಸಬೇಕಿತ್ತು. ಅದರ ಎರಡು ಮೂಲೆ ತಾನು ಹಿಡಿದುಕೊಂಡಳು.

"ದಿನಾ ಹೀಗೇನಾ ಸಿಸ್ಟರ್?"

"ಇನ್ನೇನು ಮಾಡ್ಲಿ? ಊಟ ಬರೆಸೋ ಹೊತ್ತಿಗೆ ಇವರಿಗೆ ಊಟ ಬೇಡ ಅಂತ ಇರುತ್ತೆ. ಕಂಪ್ಯೂಟರು ಅದನ್ನೇ ಹಿಡ್ಕೊಂಡು ಕೂರುತ್ತೆ. ಇವರು ವಾಪಸ್ ಬರೋ ಹೊತ್ತಿಗೆ ಅಡುಗೆಮನೆ ತೊಳೆದಾಗಿರುತ್ತೆ." ಸಿಸ್ಟರು ಹೊದಿಕೆಯನ್ನು ಜಾಡಿಸಿದರು. "ಮೊದಲು ಒಂದು ಟ್ರೇ ಹೆಚ್ಚಿಗೆ ಬರ್ತಿತ್ತು, ಇಂಥವರಿಗೆ ಅದನ್ನೇ ಕೊಡ್ತಿದ್ವಿ. ಕೆಳಗಿನವರಿಗೆ ಲೆಕ್ಕ ಬರಲ್ಲ ಅಂತ ನಾವು ಬಾಯಿ ಮುಚ್ಕೊಂಡಿದ್ವಿ. ಹೇಳಿದ್ರೆ ತಿದ್ಕೊಂಡುಬಿಡ್ತಾರಲ್ಲ!" ಎಂದು ನಕ್ಕು, ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. "ಕೊನೆಗೂ ತಿದ್ದಿದ್ದು ನೀವೇ ಅಲ್ವಾ?"

ಅವಳು ಮೆಟ್ಟಿಲಿಳಿದು ನೆಲಮಾಳಿಗೆಗೆ ಹೋದಳು. ಇಷ್ಟು ವರ್ಷ ಇದೇ ಕಟ್ಟಡದಲ್ಲಿ ದುಡಿದಿದ್ದರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ಅಡುಗೆಮನೆಯ ಪಕ್ಕದಲ್ಲೇ ಲಾಂಡ್ರಿ. ಬಾಗಿಲು ತಳ್ಳಿದ ಕೂಡಲೇ ಒದ್ದೆ ಬಟ್ಟೆಯ ಮೇಲೆ ಕಾದ ಕಬ್ಬಿಣದ ಆ ವಾಸನೆ ಮುಖಕ್ಕೆ ಬಡಿಯಿತು. ಒಂದು ಗಳಿಗೆ ಅವಳು ಮೇಜಿನ ಕೆಳಗೆ ಕೂತ ಪುಟ್ಟಿಯಾದಳು. ಟೇಪು ಹಿಡಿದು ಎಲ್ಲರನ್ನೂ ಮೇಲ್ಮಹಡಿಗೆ ಕರೆಸಿದ್ದು ತಾನು. ಅವರು ಹೊಟ್ಟೆ ಒಳಗೆಳೆದುಕೊಂಡು ನಿಂತರು. ಆ ಅಳತೆಯನ್ನೇ ತಾನು ಬರೆದುಕೊಂಡಿದ್ದು.

ಮುಖ್ಯಸ್ಥ ಬನಿಯನ್ನಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ. ಗಡಬಡಿಸಿ ಏಳಹೋದ. ಅವಳು ಮಣೆ ಎಳೆದುಕೊಂಡು ಎದುರಿಗೆ ಕೂತು, ತಾನೂ ಒಂದು ಕಟ್ಟು ಬಿಚ್ಚಿದಳು.

"ಅಯ್ಯೋ, ವಿಚಾರಣೆಯಕ್ಕ, ನಿಮ್ಮ ಸೀರೆ!"

"ಸೀರೆ ಒಗೆಯೋಕೆ ಪಕ್ಕದಲ್ಲೇ ಲಾಂಡ್ರಿ ಇದೆಯಲ್ಲ. ಆ ಹೆಚ್ಚಿನ ಟ್ರೇ ಯಾಕೆ ಕಳಿಸ್ತಿದ್ರಿ?"

"ಅದಾ? ನಾನು ಬಂದಾಗಿಂದ ಹಾಗೇ. ನನಗೆ ಮುಂಚೆ ಇದ್ದವರು ಕಳಿಸ್ತಿದ್ರು, ನಾನೂ ಕಳಿಸ್ದೆ. ಸಿಸ್ಟರುಗಳು ಕೇಳಿರಬೇಕು ಯಾವಾಗಲೋ."

"ಮೀಟಿಂಗಲ್ಲಿ ಇದನ್ನ ಹೇಳಬಹುದಿತ್ತಲ್ಲ?"

"ಚೆನ್ನಾಗಿ ಹೇಳಿದ್ರಿ! ಡೈರೆಕ್ಟರ್ ಮೇಡಂ ಮುಂದೆ, ಯಾರಿಗೆ ಅಂತ ಗೊತ್ತಿಲ್ಲದೆ ದಿನಾ ಊಟ ಕಳಿಸ್ತೀನಿ ಅನ್ನಲಾ?"

ಕಳಿಸುವವನಿಗೆ ಅದು ಯಾರ ಬಾಯಿಗೆ ಹೋಗುತ್ತದೆಂದು ತಿಳಿಯದು. ಬಡಿಸುವವರಿಗೆ ಯಾರು ಯಾಕೆ ಕಳಿಸುತ್ತಾರೆಂದು ತಿಳಿಯದು. ಒಬ್ಬರು ಇನ್ನೊಬ್ಬರ ತಪ್ಪೆಂದೋ ಕೋರಿಕೆಯೆಂದೋ ಭಾವಿಸಿ ಸುಮ್ಮನಿದ್ದುದರಿಂದಲೇ ಇಷ್ಟು ವರ್ಷ ಎಷ್ಟೋ ಹಸಿದ ಹೊಟ್ಟೆ ತುಂಬಿತ್ತು. ಮೊದಲು ಇದನ್ನು ಶುರುಮಾಡಿದ ಪುಣ್ಯಾತ್ಮ ಯಾರೋ, ಕೇಳಿದರೂ ಹೇಳುವವರು ಉಳಿದಿರಲಿಲ್ಲ. ನಡುವೆ ಬಂದು ಗೆರೆ ಎಳೆದವಳು ತಾನು.

ಸಂಜೆ ಮನೆಯಲ್ಲಿ ಅವಳು ಅಪ್ಪನ ಪಕ್ಕ ಕೂತು, "ಹೊಲಿದು ಮುಗಿದ ಮೇಲೆ ಅಳತೆ ತಪ್ಪಿದೆ ಅಂತ ಗೊತ್ತಾದ್ರೆ ಏನು ಮಾಡ್ತಿದ್ದೆ ಅಪ್ಪ?" ಎಂದಷ್ಟೇ ಕೇಳಿದಳು.

"ಗಿರಾಕಿ ಕನ್ನಡಿ ಮುಂದೆ ನಿಲ್ಲೋ ಮೊದಲೇ ಹೇಳಿಬಿಡ್ತಿದ್ದೆ. ಬೈಸ್ಕೊಂಡು ಬಿಚ್ಚಿ ಹೊಲೀತಿದ್ದೆ." ಅಪ್ಪ ಸೆಟೆದ ಬೆರಳು ನೀವಿಕೊಳ್ಳುತ್ತಾ, "ಕೆಲವರು ಬೇರೆ ಟೈಲರ್ ಹತ್ತಿರ ಹೋದ್ರು, ಅದೂ ನಿಜ," ಎಂದರು.

ಮರುದಿನ ಅವಳು ಮ್ಯಾನೇಜರರಿಗೆ ವಿಷಯ ಹೇಳಿದಳು. ಅವರು ಎದ್ದು ಬಾಗಿಲು ಮುಚ್ಚಿದರು.

"ವರದಿ ಆಗಲೇ ಮೇಡಂ ಕೈ ಸೇರಿದೆ. ಅದರಲ್ಲಿ ಅವರಿಗೆ ತುಂಬಾ ಹಿಡಿಸಿದ್ದು ಇದೊಂದೇ ಮಾತು. ಈಗ ಅದೇ ತಪ್ಪು ಅಂದ್ರೆ ನಿಮ್ಮ ಕಾಯಂ ಕಾಗದದ ಗತಿ ಏನು, ಯೋಚಿಸಿದ್ದೀರಾ? ಮೊದಲು ಕಾಯಂ ಆಗಿ. ಆಮೇಲೆ ಸಣ್ಣ ತಿದ್ದುಪಡಿ ಅಂತ ಸೇರಿಸಬಹುದು."

"ಅಲ್ಲೀವರೆಗೆ ಸಿಸ್ಟರ ಚೀಲದಲ್ಲಿ ಬಿಸ್ಕತ್ತು ಇರಬೇಕಲ್ಲ ಸಾರ್. ಮುಂದಿನ ತಿಂಗಳು ಎಲ್ಲಾ ಮಹಡಿಗೂ ಇದೇ ನಿಯಮ ಹೋಗುತ್ತೆ."

ಅವರು ಮೇಜಿನ ಮೇಲಿದ್ದ ವರದಿಯ ಪ್ರತಿಯನ್ನು ಅವಳತ್ತ ಸರಿಸಿದರು.

ಮೀಟಿಂಗಿನಲ್ಲಿ ಅವಳು ಎದ್ದು ನಿಂತು, ತನ್ನ ವರದಿಯ ಆ ಸಾಲನ್ನು ತಾನೇ ಓದಿ, "ಇದು ನನ್ನ ತಪ್ಪು ಮೇಡಂ," ಎಂದಳು. ಅಡುಗೆಮನೆಯನ್ನಾಗಲಿ ವಾರ್ಡನ್ನಾಗಲಿ ದೂರಲಿಲ್ಲ. ಸ್ಕ್ಯಾನಿಗೆ ಹೋದವರು, ಊಟ ಬರೆಸಿಯಾದ ಮೇಲೆ ದಾಖಲಾದವರು, ಇವರ ಊಟ ಯಾವ ದಾರಿಯಲ್ಲಿ ಬರುತ್ತಿತ್ತು, ಆ ದಾರಿ ಎಲ್ಲಿ ಮುಚ್ಚಿತು ಎಂದು ನಕ್ಷೆಯಲ್ಲಿ ಬೆರಳಿಟ್ಟು ತೋರಿಸಿದಳು.

ಡೈರೆಕ್ಟರ್ ಮೇಡಂ ಮುಖ ಗಂಟಿಕ್ಕಿದರು. "ಯಾರಿಗೆ ಅಂತ ಗೊತ್ತಿಲ್ಲದ ಊಟಕ್ಕೆ ನಾನು ಹೇಗೆ ಒಪ್ಪಿಗೆ ಕೊಡಲಿ? ಹೆಸರಿಲ್ಲದೆ ಕಂಪ್ಯೂಟರ್ ಟ್ರೇಯನ್ನ ಬಿಡುತ್ತಾ?"

"ಟ್ರೇ ಮೊದಲು ಬರಲಿ ಮೇಡಂ. ಹೆಸರು ಆಮೇಲೆ ಬರೆಯೋಣ. ಯಾರಿಗೆ ಕೊಟ್ರೋ ಸಿಸ್ಟರೇ ಅವರ ಹೆಸರು ಹಾಕ್ತಾರೆ. ಯಾರೂ ಬರದಿದ್ರೆ ಅದೂ ಬರೆಯಲಿ. ಕೆಲವು ತಿಂಗಳಲ್ಲಿ ಎಷ್ಟು ಬೇಕು ಅನ್ನೋದು ನಮಗೇ ಗೊತ್ತಾಗುತ್ತೆ."

ಮೇಡಂ ಮೂರನೇ ಮಹಡಿಯ ಸಿಸ್ಟರ ಕಡೆ ತಿರುಗಿದರು. ಸಿಸ್ಟರು ಈ ಸಲ "ನಮಗೇನೂ ತೊಂದರೆ ಇಲ್ಲ" ಎನ್ನಲಿಲ್ಲ. "ನನ್ನ ಬಿಸ್ಕತ್ತು ಉಳಿಯುತ್ತೆ ಮೇಡಂ," ಎಂದರು. ಮೀಟಿಂಗ್ ರೂಮಿನಲ್ಲಿ ಮೊದಲ ಸಲ ಎಲ್ಲರೂ ನಕ್ಕರು. ಮುಖ್ಯಸ್ಥನೂ ಕುರ್ಚಿಗೆ ಬೆನ್ನು ಆನಿಸಿದ.

ಸಭೆ ಮುಗಿದ ಮೇಲೆ ಮ್ಯಾನೇಜರ್ ಅವಳನ್ನು ಕೋಣೆಗೆ ಕರೆದರು. "ಕಾಯಂ ಕಾಗದ ಈಗ ಬರಲ್ಲ. ಪ್ರೊಬೇಷನ್ ಮುಂದಕ್ಕೆ ಹಾಕಿದ್ದಾರೆ. ಉಳಿದ ಮಹಡಿಗಳೆಲ್ಲ ಮುಗಿದ ಮೇಲೆ ನೋಡೋಣ ಅಂದ್ರು." ಅವಳು ತಲೆಯಾಡಿಸಿದಳು. "ಅಂದ ಹಾಗೆ ಆ ಮಹಡಿಗಳ ಕೆಲಸವೂ ನಿಮಗೇ. ಬೇರೆಯವರನ್ನ ಹಾಕ್ತೀನಿ ಅಂದೆ, ಮೇಡಂ ಬೇಡ ಅಂದ್ರು. ಇನ್ನೊಂದು ಮಾತು. ಇನ್ಮೇಲೆ ಈ ಮೀಟಿಂಗ್ ರೂಮಿಗೆ ಯಾರನ್ನಾದರೂ ಕರೆಸೋ ಮೊದಲು ಅವರ ಜಾಗಕ್ಕೆ ಹೋಗಿ ಕೂತು ಬನ್ನಿ. ನನ್ನನ್ನೂ ಕರೀರಿ, ಬರ್ತೀನಿ. ನಾನೂ ಕೆಳಗೆ ಹೋದವನಲ್ಲ."

ಹೊರಗೆ ಬಂದ ಮೇಲೆ ಅವಳಿಗೆ ಹೊಳೆಯಿತು, ಇಷ್ಟು ಹೊತ್ತೂ ಬಾಗಿಲು ತೆರೆದೇ ಇತ್ತು.

ಹೊಸ ನಿಯಮ ಜಾರಿಗೆ ಬಂದ ದಿನ ಊಟದ ಹೊತ್ತಿಗೆ ಅವಳು ಮೂರನೇ ಮಹಡಿಗೆ ಹೋಗಿ ಕಿಟಕಿಯ ಬಳಿ ನಿಂತಳು. ಯಾರಿಗೂ ಅಡ್ಡಬರದಂತೆ ನಿಂತು ನೋಡುವುದೂ ಈ ಕೆಲಸದಲ್ಲಿ ಕಲಿತ ವಿದ್ಯೆಯೇ. ಟ್ರಾಲಿ ಬಂತು. ಸಿಸ್ಟರು ಹೆಸರು ನೋಡಿ ನೋಡಿ ಟ್ರೇಗಳನ್ನು ಹಂಚಿದರು. ಕೆಳಗಿನ ಹಲಗೆಯಲ್ಲಿ ಒಂದು ಉಳಿಯಿತು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಹೆಸರಿನ ಜಾಗ ಖಾಲಿ.

ಊಟದ ಸದ್ದೆಲ್ಲ ಅಡಗಿತು. ಖಾಲಿ ಟ್ರೇಗಳು ಒಂದರ ಮೇಲೊಂದು ಕೂತವು. ಇವತ್ತು ಯಾರೂ ಬರುವುದಿಲ್ಲವೇನೋ, ಮೊದಲ ದಿನವೇ ಪೋಲಾಗುತ್ತದೇನೋ ಎಂದು ಅವಳಿಗೆ ಕಸಿವಿಸಿಯಾಯಿತು.

ಆಗ ಲಿಫ್ಟಿನ ಬಾಗಿಲು ತೆರೆಯಿತು. ಗಾಲಿಕುರ್ಚಿಯಲ್ಲಿ ಒಬ್ಬ ಹೆಂಗಸು. ಮುಂಗೈಗೆ ಹತ್ತಿ ಅಂಟಿಸಿತ್ತು, ತುಟಿ ಒಣಗಿತ್ತು. "ಊಟ ಆಗಿಹೋಯ್ತೇನೋ," ಎಂದಳು, ಯಾರನ್ನೂ ಕೇಳದ ಹಾಗೆ.

ಸಿಸ್ಟರು ಕಿಟಕಿಯ ಕಡೆ ನೋಡಲಿಲ್ಲ. ಬಗ್ಗಿ ಕೆಳಗಿನ ಹಲಗೆಯಿಂದ ಟ್ರೇ ತೆಗೆದರು. ಮುಚ್ಚಳದ ಮೇಲೆ ಅಂಗೈಯಿಟ್ಟು ಇನ್ನೂ ಬಿಸಿಯಿದೆಯೇ ಎಂದು ನೋಡಿ, ಚಮಚದ ಹಿಡಿಯನ್ನು ಆ ಹೆಂಗಸಿನ ಬಲಗೈ ಕಡೆಗೆ ತಿರುಗಿಸಿ, ಮಡಿಲಿಗಿಟ್ಟರು.