ಬೇವಿನ ಬುಡದ ಮಡಕೆ

ಬಂಡಿಚಕ್ರದ ಮೇಲೆ ಕಬ್ಬಿಣದ ಹಳಿ ಕೂತಿತು ಅನ್ನುವಷ್ಟರಲ್ಲಿ ಮರದ ಒಂದು ಮಗ್ಗುಲು ಹೊತ್ತಿಕೊಂಡಿತು. ಮೂರು ಕಡೆಯಿಂದ ನೀರು ಬಿತ್ತು, ನಾಲ್ಕನೆಯ ಕಡೆ ಹೊಯ್ಯುವವರಿರಲಿಲ್ಲ. ಕಾದ ಕಬ್ಬಿಣ ಅಲ್ಲಿ ಮರವನ್ನು ತಿಂದುಹಾಕಿತು. ಆರಿದ ಮೇಲೆ ಎತ್ತಿ ಉರುಳಿಸಿದರೆ ಚಕ್ರ ಕುಂಟಿತು. ನಿನ್ನೆ ಒಂದು ಕೆಟ್ಟಿತ್ತು, ಇವತ್ತು ಇನ್ನೊಂದು. ಅಸದುಲ್ಲಾ ಮೇಸ್ತ್ರಿ ತಲೆವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾ ಶಿಬಿರಕ್ಕೆ ಸಾಮಾನು ಹೊರುವ ಬಂಡಿಯ ಚಕ್ರ ಅದು. ಸಂಜೆಗೆ ಬಂಡಿ ಹುಣಸೂರು ಬಿಡದಿದ್ದರೆ ಈ ಬಂಡಿ ಕೊಟ್ಟಿಗೆಯ ಕೆಲಸವನ್ನು ಬೇರೆ ಮೇಸ್ತ್ರಿಗೆ ವಹಿಸುವುದಾಗಿ ಸರ್ಕಾರದ ಶೇಕದಾರರು ಹೇಳಿ ಕಳಿಸಿದ್ದರು. ನಾಲ್ಕನೆಯ ಮಗ್ಗುಲಿಗೆ ನಿಲ್ಲುತ್ತಿದ್ದ ಚೆಲುವಯ್ಯ ಚಳಿಜ್ವರ ಹತ್ತಿ ಕಟ್ಟೆಮಳಲವಾಡಿಯಲ್ಲಿ ಮಲಗಿದ್ದ. ಉಳಿದದ್ದು ಹಳಿ ತೊಡಿಸದ ಒಂದೇ ಮರದ ಚಕ್ರ.

ಆಳು ಇಲ್ಲದೆ ಇರಲಿಲ್ಲ. ಕುಲುಮೆಯ ತಿದಿ ಒತ್ತುವ ಮರಿಯಯ್ಯ ಇದ್ದಿಲ ಗುಂಡಿಯ ಹತ್ತಿರ ಕೂತು ಎಲ್ಲ ನೋಡುತ್ತಿದ್ದ. ಆದರೆ ಚಕ್ರಕ್ಕೆ ಹೊಯ್ಯುವ ನೀರೂ ಇವರೆಲ್ಲ ಕುಡಿಯುವ ನೀರೂ ಒಂದೇ ಪೀಪಾಯಿಯದು. ಹೊಲಗೇರಿಯ ಮರಿಯಯ್ಯ ಅದನ್ನು ಮುಟ್ಟುವಂತಿರಲಿಲ್ಲ. ಅವನಿಗೆ ಕುಡಿಯಲು ಬೇವಿನ ಬುಡದಲ್ಲಿ ಬೇರೆ ಮಡಕೆ. ಬೆಂಕಿಗೆ ಅವನು ಬೇಕು, ನೀರಿಗೆ ಬೇಡ. ಇಂಥ ಚಂದದ ನ್ಯಾಯದ ಬಗ್ಗೆ ಮೂರು ವರ್ಷದಲ್ಲಿ ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

ಹುಕುಂ ಮಾಡಿದರೆ ಇದ್ದವರೂ ಎದ್ದು ಹೋದಾರೆಂದು ಅಸದುಲ್ಲಾ, ಮರಿಯಯ್ಯ ನೀರು ಹೊಯ್ದರೆ ಆದೀತೇ ಎಂದು ಒಬ್ಬೊಬ್ಬರನ್ನೇ ಕೇಳಿದ. ಬಡಗಿ ಪುಟ್ಟಮಲ್ಲಪ್ಪ ತನ್ನದೇನೂ ಅಡ್ಡಿಯಿಲ್ಲ, ಕಮ್ಮಾರ ಚನ್ನಾಚಾರಿ ಒಪ್ಪಲಾರ ಅಂದ. ಚನ್ನಾಚಾರಿಯನ್ನು ಕೇಳಿದರೆ, ತನಗೇನು, ಪುಟ್ಟಮಲ್ಲಪ್ಪ ಸುಮ್ಮನಿರುತ್ತಾನೆಯೇ ಅಂದ. ಮೇಸ್ತ್ರಿ ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಅದೇ ಮಾತನ್ನು ಮತ್ತೆ ಹೇಳಿಸಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಂಗಾರೆ ಬ್ಯಾಡ ಅಂದೋರು ಯಾರ್ರಪ್ಪ?" ಅಂದ ಮೇಸ್ತ್ರಿ.

ಚನ್ನಾಚಾರಿ ಇಕ್ಕಳದಿಂದ ನೆಲ ಕೆರೆಯುತ್ತ ಹೇಳಿದ. "ನೀವೇ ಕಣ್ರೀ ಮೇಸ್ತ್ರಿ. ಅವನು ಬಂದ ದಿನ ಆ ಮಡಕೆ ತಂದು ಮಡಗಿದೋರು ನೀವು. ನಮ್ಮನ್ನೇನಾರ ಕೇಳಿದ್ರಾ? ಮೊದಮೊದಲು ನಿಮ್ಮ ಕೈ ನೀರೂ ನಾವು ಕುಡೀತಿರ್ನಿಲ್ಲ. ಆಮ್ಯಾಕೆ ಕುಡಿದ್ವಲ್ಲ."

ಮಡಕೆ ಬಂದ ದಿನ ತನಗೂ ಹಾಯೆನಿಸಿತ್ತು ಎಂಬುದನ್ನು ಆಚಾರಿ ನುಂಗಿಕೊಂಡ. ಆದರೂ ಆಡಿದ್ದು ಸುಳ್ಳಲ್ಲ. ಅಸದುಲ್ಲಾ ಇವರು ಮುನಿಸಿಕೊಂಡಾರೆಂದು ತಾನೇ ಊಹಿಸಿ, ಯಾರೂ ಕೇಳದೆ ಗಾವಡಗೆರೆ ಸಂತೆಯಿಂದ ಮಡಕೆ ಹೊತ್ತು ತಂದು, ಅದನ್ನು ದೊಡ್ಡ ಜಾಣತನವೆಂದು ಅಂದುಕೊಂಡಿದ್ದ. ತನಗಾಗಿಯೂ ಒಂದು ಕಾಲಕ್ಕೆ ತಂಬಿಗೆ ಬೇರೆಯಿತ್ತೆಂಬುದು ಮರೆತೇಹೋಗಿತ್ತು.

"ನಂದೇ ತಪ್ಪು," ಅಂದ. "ಈಗೇನಂತೀರಿ?"

"ಅವನೂ ನೀರು ಉಯ್ಲಿ ಬುಡಿ," ಅಂದ ಪುಟ್ಟಮಲ್ಲಪ್ಪ. ಆಚಾರಿ ತಲೆಯಾಡಿಸಿದ.

ಅಲ್ಲಿಗೆ ಮುಗಿಯಿತೆಂದು ಅಸದುಲ್ಲಾ ಕೈಬೀಸಿ ಕರೆದ. ಮರಿಯಯ್ಯ ಏಳಲಿಲ್ಲ.

"ಎಲ್ಲಾರ್ನೂ ಕೇಳಿದ್ರಿ ಸಾಬ್ರೇ. ನನ್ನ ಕೇಳ್ನಿಲ್ವಲ್ಲ."

ತಿದಿ ನಿಂತು ಕೆಂಡದ ಮೇಲೆ ಬೂದಿ ಕಟ್ಟುತ್ತಿತ್ತು. ಅಸದುಲ್ಲಾ ಅವನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತ.

"ಕೇಳ್ತಾ ಇವ್ನಿ. ಹೇಳಪ್ಪ."

"ಸಂಜೀಕೆ ಬಂಡಿ ಓಯ್ತದೆ. ನಾಳೀಕೋ ನಾಡಿದ್ದೋ ಚೆಲುವಯ್ಯ ಬತ್ತಾನೆ. ಆವಾಗ ನಾನು ತಿರುಗಾ ಮಡಕೆ ತಾವ್ಕೆ ಓಗ್ಬೇಕಾ? ಅದು ಅಲ್ಲಿರಗಂಟ ನಾನು ನೀರು ಮುಟ್ಟಾಕಿಲ್ಲ."

ಮೇಸ್ತ್ರಿ ತಿರುಗಿ ಇಬ್ಬರನ್ನೂ ಅದನ್ನೇ ಕೇಳಿದ, ಚೆಲುವಯ್ಯ ಬಂದ ಮೇಲೂ ಹೀಗೇ ಇರಬೇಕಲ್ಲವೇ ಎಂದು. ಆಚಾರಿ ಹೂಂ ಅಂದ. ಪುಟ್ಟಮಲ್ಲಪ್ಪ ಸ್ವಲ್ಪ ತಡಮಾಡಿ ಹೂಂ ಅಂದ. ಅಸದುಲ್ಲಾ ತಾನೇ ಹೋಗಿ ಮಡಕೆ ಎತ್ತಿ ತಂದು, ಪೀಪಾಯಿಯೊಳಕ್ಕೆ ಅದ್ದಿ ತುಂಬಿಸಿ, ನಾಲ್ಕನೆಯ ಮಗ್ಗುಲಲ್ಲಿ ಇಟ್ಟ.

ಮರಿಯಯ್ಯ ತಿದಿ ಒತ್ತಿದ. ಹಳಿ ಕೆಂಪಗಾಗಿ ಕೊನೆಯ ಚಕ್ರದ ಮೇಲೆ ಇಳಿಯಿತು, ಸುತ್ತಿಗೆ ಏಟುಗಳು ಬಿದ್ದವು, ಮರಿಯಯ್ಯನೂ ಸೇರಿ ನಾಲ್ಕೂ ಕಡೆಯಿಂದ ನೀರು ಒಮ್ಮೆಲೇ ಸುರಿಯಿತು. ಹಬೆಯೊಳಗೆ ಕಬ್ಬಿಣ ಬಿಗಿದು ಮರ ಕಿರುಗುಟ್ಟಿತು. ಆರಿದ ಮೇಲೆ ಎತ್ತಿ ತಳ್ಳಿದರು. ಚಕ್ರ ಅಂಗಳದ ಆಚೆ ಗೋಡೆಯವರೆಗೂ ನೆಟ್ಟಗೆ ಓಡಿತು. ಅಸದುಲ್ಲಾ ಪೀಪಾಯಿಗೆ ಒರಗಿ ಕೂತ. ಸುಮ್ಮಸುಮ್ಮನೆ ನಗು ಬಂತು.

ಚನ್ನಾಚಾರಿ ಬರಿದಾದ ಮಡಕೆಯನ್ನು ತಿರುವಿ ನೋಡಿದ. "ತಳ ಸೋರ್ತದಲ್ಲೋ ಮರಿಯಯ್ಯ. ಇಷ್ಟು ದಿನ ಎಂಗ್ಲಾ ಕುಡಿದೆ ಇದ್ರಾಗೆ?"

"ಸೋರಾದ್ನ ನೋಡಾಕೆ ಯಾರೂ ಅತ್ರಕ್ಕೆ ಬರ್ನಿಲ್ವಲ್ಲ ಆಚಾರ್ರೇ."

ಆಚಾರಿ ಪೀಪಾಯಿಯ ಹತ್ತಿರ ಹೋದ. ತಂಬಿಗೆಯಲ್ಲಿ ಮೊಗೆದು ಅರ್ಧ ಕುಡಿದು, ಮಿಕ್ಕದ್ದನ್ನು ಹಾಗೇ ಅವನತ್ತ ಚಾಚಿದ. ಬೇವಿನ ಬುಡದಲ್ಲಿ ಮಡಕೆ ಕೂತಿದ್ದ ಕಡೆ ದುಂಡನೆಯ ಒದ್ದೆ ಗುರುತು ಬಿಸಿಲಿಗೆ ಅಂಚಿನಿಂದ ಆರುತ್ತ ಬರುತ್ತಿತ್ತು. ಒಂದು ಕೋಳಿ ಬಂದು ಅಲ್ಲಿ ಕೆರೆದು ನೋಡಿ ಮುಂದೆ ಹೋಯಿತು.