ಬಾಗಿಲು ತೆಗೆದವನು

ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್ ಮೆತ್ತಿಕೊಂಡಿರುವಾಗಲೇ ಫೋನು ಬಡಿದುಕೊಳ್ಳಬೇಕೇ? ಕಥೆಗಾರ ಎಡಗೈ ಕಿರುಬೆರಳಿನಿಂದ ಹೇಗೋ ಒತ್ತಿ, ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡ.

"ನಾನು," ಎಂದಿತು ಆ ಕಡೆಯ ದನಿ.

ಬೇರೆ ಪರಿಚಯ ಬೇಕಿರಲಿಲ್ಲ. ಸಂಪಾದಕಿ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತರಾದ ಮೇಲೆ, ಮೂರು ತಿಂಗಳಿಗೊಮ್ಮೆ ನಲವತ್ತೆಂಟು ಪುಟದ ಪತ್ರಿಕೆಯೊಂದನ್ನು ತರುತ್ತಿದ್ದ ಹೆಂಗಸು. ಆಕೆ ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ. ಅದೇ ಎಲ್ಲರಿಗೂ ಭಯ.

"ಮುಗೀತಾ ಬಂತು ಮೇಡಂ. ಕೊನೇ ಪುಟ ತಿದ್ತಾ ಇದೀನಿ."

"ಹೋದ ವಾರಾನೂ ಕೊನೇ ಪುಟಾನೇ ತಿದ್ತಾ ಇದ್ರಿ."

"ಅದೇ, ಸ್ವಲ್ಪ..."

"ಇವತ್ತು ಸಂಜೆ ಐದು ಗಂಟೆ. ಐದೂ ಹತ್ತಕ್ಕೆ ಪ್ರೆಸ್‌ನೋರು ಬಂದು ಎಲ್ಲಾ ತಗೊಂಡು ಹೋಗ್ತಾರೆ. ಓದುಗರು ಮೂರು ತಿಂಗಳಿಂದ ಕಾಯ್ತಿದಾರೆ. ಕಥೇಲಿ ಆ ಹೆಂಗ್ಸನ್ನ ಬಸ್ಸಿನ ಮೆಟ್ಟಿಲ ಮೇಲೇ ನಿಲ್ಲಿಸಿ ಬಿಟ್ಟಿದೀರಲ್ಲಾ, ಪಾಪ, ಕಾಲು ನೋಯಲ್ವಾ ಅವಳಿಗೆ? ನಿಮ್ಮದು ಬರ್ಲಿಲ್ಲ ಅಂದ್ರೆ ಅಂತ ಕಂಪೌಂಡರ್ ಹತ್ರ ಒಂದು ಮುಕ್ತಾಯ ಬರೆಸಿಟ್ಟಿದೀನಿ. ಅದನ್ನೇ ಹಾಕ್ತೀನಿ."

ಕಂಪೌಂಡರ್ ಅಂದರೆ ಪತ್ರಿಕೆಗೆ ತಪ್ಪದೆ ಪದ್ಯ ಕೊಡುತ್ತಿದ್ದ ಮನುಷ್ಯ. ಹೇಳಿದ ದಿನಕ್ಕೆ ಹೇಳಿದಷ್ಟು ಸಾಲು.

"ಅವರು ಏನಂತ ಬರ್ದಿದಾರೆ ಮೇಡಂ?"

"ತಮ್ಮ ಓಡಿ ಬಂದು ಅಕ್ಕನ್ನ ತಬ್ಕೋತಾನೆ. ಇಬ್ರೂ ಅಳ್ತಾರೆ. ಚೆನ್ನಾಗೇ ಇದೆ."

ಫೋನು ಜಾರಿ ಪ್ಲಾಸ್ಟರಿನ ಬೋಗುಣಿಗೆ ಬೀಳುವುದರಲ್ಲಿತ್ತು. ಪಕ್ಕದ ಮೇಜಿನಲ್ಲಿ ಹಲ್ಲಿನ ಸೆಟ್ಟುಗಳಿಗೆ ಹೊಳಪು ಕೊಡುತ್ತಿದ್ದ ಪಾಲಿಷ್ ಅಕ್ಕ ಕೈ ಚಾಚಿ ಹಿಡಿದಳು. ಹಿಡಿದವಳು ಸುಮ್ಮನಿರದೆ, "ಮೇಡಂ, ಕಥೆಗಾರ್ರು ಇವತ್ತು ಖಂಡಿತಾ ಕೊಡ್ತಾರಂತೆ," ಎಂದು ಫೋನಿಗೆ ಹೇಳಿಯೇ ಇಟ್ಟಳು.

ಅದು ಕಟ್ಟಿಸಿಕೊಳ್ಳುವ ಹಲ್ಲುಗಳನ್ನು ತಯಾರಿಸುವ ಲ್ಯಾಬು. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಕಥೆಗಾರ ಅದಕ್ಕೆ ಪ್ಲಾಸ್ಟರ್ ಸುರಿದು ದವಡೆಯ ಮಾದರಿ ಮಾಡಿ, ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಾನೆ. ಆ ಮೇಣದ ಸೆಟ್ಟು ಮಾದರಿಯ ಸಮೇತ ಕ್ಲಿನಿಕ್ಕಿಗೆ ಹೋಗುತ್ತದೆ, ಬಾಯಲ್ಲಿ ಕೂರಿಸಿ ನೋಡುತ್ತಾರೆ, ಸರಿ ಅನ್ನಿಸಿದರೆ ಗಟ್ಟಿ ಸೆಟ್ಟು ಮಾಡಲು ವಾಪಸ್ಸು ಬರುತ್ತದೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಬಿಳೀ ದವಡೆಗಳು ಸಾಲಾಗಿ ಕೂತಿರುತ್ತವೆ. ಇಪ್ಪತ್ತು ವರ್ಷ ಅವುಗಳ ನಡುವೆ ಕಳೆದವನಿಗೆ ರಸ್ತೆಯಲ್ಲಿ ಸಿಕ್ಕವರ ಮುಖ ನೆನಪಿಗೆ ಬರುವುದಿಲ್ಲ, ನಕ್ಕರೆ ಮಾತ್ರ ಗುರುತು ಹಿಡಿಯುತ್ತಾನೆ.

ಬರೆಯುವ ಹುಚ್ಚು ಯಾವಾಗ ಹತ್ತಿತೋ ಅವನಿಗೇ ಗೊತ್ತಿಲ್ಲ. ಆದರೆ ಬರೆಯಲು ಕೂರುವುದೆಂದರೆ ದೊಡ್ಡ ಸಮಾರಂಭ. ಪೆನ್ಸಿಲ್ ಕೆತ್ತಬೇಕು. ನಾಲ್ಕೂ ಪೆನ್ಸಿಲ್ಲು ಒಂದೇ ಉದ್ದ ಇರಬೇಕು. ಮೇಜು ಒರೆಸಬೇಕು, ಮೇಜು ಒರೆಸಿದ ಮೇಲೆ ಕಿಟಕಿ ಕೊಳೆಯಾಗಿ ಕಾಣುತ್ತದೆ, ಕಿಟಕಿಗೆಂದು ಸ್ಟೂಲು ಹತ್ತಿದವನಿಗೆ ಫ್ಯಾನು ಕಾಣುತ್ತದೆ. "ರೀ, ಬರೋ ತಿಂಗಳು ನೆಂಟ್ರು ಬರ್ತಿದಾರೆ, ಒಂದು ಕಾದಂಬರಿ ಶುರು ಮಾಡ್ಬಿಡಿ, ಮನೆ ಪೂರ್ತಿ ಕ್ಲೀನ್ ಆಗ್ಲಿ," ಎಂದು ಹೆಂಡತಿ ಎಲ್ಲರೆದುರೂ ಹೇಳುತ್ತಾಳೆ. ಅವನೂ ನಗುತ್ತಾನೆ.

ಈ ಸಲ ಮಾತ್ರ ನಗು ಬರುತ್ತಿರಲಿಲ್ಲ.

ಕಥೆಯ ಮೊದಲ ಅರ್ಧವನ್ನು ಅವನು ಒಂದೇ ಭಾನುವಾರ ಬರೆದು ಮುಗಿಸಿದ್ದ. ಗಂಡನ ಮನೆಯಲ್ಲಿ ಇನ್ನು ಇರಲಾರೆ ಎಂದು ಒಬ್ಬಳು ಪೆಟ್ಟಿಗೆ ಹಿಡಿದು ಹೊರಡುತ್ತಾಳೆ. ನಾಲ್ಕು ಗಂಟೆಯ ಪ್ರಯಾಣ. ತಮ್ಮನ ಮನೆಯ ಸ್ಟಾಪಿನಲ್ಲಿ ಇಳಿಯಲು ಬಸ್ಸಿನ ಮೆಟ್ಟಿಲಿಗೆ ಬಂದು ನಿಲ್ಲುತ್ತಾಳೆ. ಅಲ್ಲಿಗೆ ಅರ್ಧ. ಕೆಳಗೆ ಸಂಪಾದಕಿ 'ಮುಂದಿನ ಸಂಚಿಕೆಯಲ್ಲಿ ಮುಕ್ತಾಯ' ಎಂದು ದಪ್ಪಕ್ಷರದಲ್ಲಿ ಹಾಕಿದ್ದರು.

ಪತ್ರಿಕೆ ಬಂದ ನಾಲ್ಕನೇ ದಿನ ಅಕ್ಕ ಫೋನ್ ಮಾಡಿದ್ದಳು. ಅಕ್ಕ ಎಂದರೆ ಅವನ ಸ್ವಂತ ಅಕ್ಕ, ದೂರದ ಊರಿನಲ್ಲಿರುವವಳು. ಭಾವ ತೀರಿಕೊಂಡು ಆರು ವರ್ಷವಾಗಿತ್ತು.

"ಓದಿದೆ ಕಣೋ ಪುಟ್ಟ. ಚೆನ್ನಾಗಿ ಬರ್ದಿದೀಯ. ಪೆಟ್ಟಿಗೆ ಬಣ್ಣ ಮಾತ್ರ ತಪ್ಪು. ಹಸಿರಲ್ಲ ಅದು, ಕಂದು."

ಹದಿನೇಳು ವರ್ಷದಲ್ಲಿ ಅಕ್ಕ ಆ ದಿನದ ಬಗ್ಗೆ ಆಡಿದ ಮೊದಲ ಮಾತು ಅದು.

"ಮುಂದಿಂದು ಯಾವಾಗ ಬರತ್ತೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಬಿಸಿಲು ಜಾಸ್ತಿ ಆಗಿದೆ, ನೀರು ಚೆನ್ನಾಗಿ ಕುಡಿ ಎಂದು ಇಟ್ಟಿದ್ದಳು.

ಅವತ್ತಿನಿಂದ ಒಂದು ಅಕ್ಷರ ಹುಟ್ಟಿರಲಿಲ್ಲ. ಆ ಮುಕ್ತಾಯ ಅವನಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು. ಈಗ ಕಂಪೌಂಡರ್ ಬರೆದ ಆ ಅಪ್ಪುಗೆ ಇವನ ಹೆಸರಿನಲ್ಲಿ ಅಚ್ಚಾಗಿ, ಅಂಚೆಯಲ್ಲಿ ಹೋಗಿ, ಅಕ್ಕ ಕನ್ನಡಕ ಹಾಕಿಕೊಂಡು ಅದನ್ನು ಓದುತ್ತಾಳೆ.

"ಏನ್ರೀ ಕಥೆಗಾರ್ರೇ, ಪ್ಲಾಸ್ಟರ್ ಗಟ್ಟಿಯಾಯ್ತು. ನೀವೂ ಗಟ್ಟಿಯಾದ್ರಾ ಹೇಗೆ?" ಎಂದಳು ಪಾಲಿಷ್ ಅಕ್ಕ.

"ಒಂದು ಸಾಲು ಇತ್ತು," ಎಂದ ಅವನು. "ಗುರುವಾರ ಹೊಳೀತು. ಆ ಸಾಲು ಸಿಕ್ಕಿದ್ರೆ ಉಳಿದಿದ್ದೆಲ್ಲಾ ತಾನಾಗೇ ಬರತ್ತೆ."

"ಎಲ್ಲಿ ಹೋಯ್ತು?"

"ಕ್ಲಿನಿಕ್ಕಿಗೆ."

ಪಾಲಿಷ್ ಅಕ್ಕ ಯಂತ್ರ ನಿಲ್ಲಿಸಿ ಅವನನ್ನೇ ನೋಡಿದಳು. ಇದು ಅವಳಿಗೆ ತಿಳಿಯದ ಚಟವೇನಲ್ಲ. ಕೈ ತುಂಬ ಪ್ಲಾಸ್ಟರ್ ಇರುವಾಗ ಮನಸ್ಸಿಗೆ ಏನಾದರೂ ಬಂದರೆ ಅವನು ಗುರುತು ಹಾಕುವ ಪೆನ್ಸಿಲಿನಲ್ಲಿ ಅದನ್ನು ಎದುರಿಗಿರುವ ದವಡೆಯ ಅಡಿಭಾಗಕ್ಕೇ ಗೀಚುತ್ತಿದ್ದ. ಸಂಜೆ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಚಾಕುವಿನಿಂದ ಕೆರೆದು ಹಾಕುತ್ತಿದ್ದ. ಗುರುವಾರ ಆ ಸಾಲು ಬರೆದು ಮುಗಿದ ಕೂಡಲೇ ಅವನಿಗೆ ಎಂಥದೋ ಹೆದರಿಕೆಯಾಗಿತ್ತು. ಆಮೇಲೆ ಇಳಿಸಿಕೊಂಡರಾಯಿತು ಎಂದು ದವಡೆಯನ್ನು ಬೋರಲು ಮಾಡಿಟ್ಟ. ಶುಕ್ರವಾರ ಬಂದು ನೋಡಿದರೆ ದವಡೆ ಇಲ್ಲ.

"ಹಾಗಾದ್ರೆ ಆ ಡಾಕ್ಟ್ರಮ್ಮ ಇಷ್ಟೊತ್ತಿಗೆ ನಿಮ್ಮ ಕಥೆ ಓದಿರ್ತಾರೆ," ಎಂದು ಅವಳು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ಅಲ್ಲಾ, ಒಂದು ಸಾಲು. ಅಷ್ಟೂ ನೆನಪಿಲ್ವಾ ನಿಮ್ಗೆ?" ಎಂದಳು.

ಅವನು ಕೈ ತೊಳೆದು, ಸೆಟ್ಟು ತರುತ್ತೇನೆಂದು ಹೇಳಿ ಹೊರಟುಬಿಟ್ಟ. ಗಂಟೆ ಒಂದೂ ಮುಕ್ಕಾಲಾಗಿತ್ತು.

ಕ್ಲಿನಿಕ್ಕಿನ ಹೊರಕೋಣೆಯಲ್ಲಿ ಆರು ಕುರ್ಚಿ, ಒಂದು ಮೀನಿನ ತೊಟ್ಟಿ. ನರ್ಸು ಅವನನ್ನು ಕಂಡೊಡನೆ, "ಬಂದ್ರಾ! ಅದೇನು ಬರ್ದಿದ್ರಿ ಮಾರಾಯ್ರೇ? ಡಾಕ್ಟ್ರು ಏನೋ ಸೂಚನೆ ಇರ್ಬೇಕು ಅಂತ ಎರಡೆರಡು ಸಲ ಓದಿದ್ರು," ಎಂದಳು. ಮೇಜಿನ ಮೇಲಿನ ಡಬ್ಬಿಯಿಂದ ದವಡೆ ತೆಗೆದು, ಮಗುಚಿ ತೋರಿಸಿದಳು. ಅವನದೇ ಅಕ್ಷರ. *ತಮ್ಮ ಬಾಗಿಲು ತೆಗೆದ. ಅವಳ ಕೈಯಿಂದ ಪೆಟ್ಟಿಗೆ ಮಾತ್ರ ಇಸಿದುಕೊಳ್ಳಲಿಲ್ಲ.*

ಒಂದಕ್ಷರವೂ ಅವನು ಮರೆತಿರಲಿಲ್ಲ.

"ಇವ್ನೇನಾ?" ಎಂದಿತು ಹಿಂದಿನಿಂದ ಒಂದು ದನಿ. ಮೂಲೆಯ ಕುರ್ಚಿಯಲ್ಲಿ ಒಬ್ಬ ಅಜ್ಜಿ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಆ ದವಡೆ ಆಕೆಯದೇ. "ಬಾಪ್ಪಾ ಇಲ್ಲಿ, ಕೂತ್ಕೋ. ನನ್ನ ಹಲ್ಲಿನ ಕೆಳಗೆ ಇನ್ಯಾರದೋ ಸುದ್ದಿ ಬರ್ದಿದೀಯಲ್ಲ. ಡಾಕ್ಟ್ರು ಗಟ್ಟಿಯಾಗಿ ಓದ್ದಾಗಿಂದ ತಲೇಲಿ ಅದೇ. ಯಾಕೆ ಇಸ್ಕೊಳ್ಲಿಲ್ಲ ಪೆಟ್ಟಿಗೇನ?"

"ಅದು ಕಥೆ ಅಜ್ಜಿ."

"ಕಥೆ ಅಂತ ಗೊತ್ತು. ಯಾಕೆ ಇಸ್ಕೊಳ್ಲಿಲ್ಲ?"

"ಇಸ್ಕೊಂಡ್ರೆ... ಒಳಗೆ ಇಡ್ಬೇಕಾಗತ್ತೆ."

"ಇಡ್ಲಿ. ಜಾಗ ಇರ್ಲಿಲ್ವಾ?"

"ಒಂದೇ ರೂಮು. ಆಗಷ್ಟೇ ಮದ್ವೆ ಆಗಿತ್ತು. ಭಾವ ಹುಡುಕ್ಕೊಂಡು ಬಂದು ಬೀದೀಲಿ ಕೂಗಾಡಿದ್ರೆ ಅಂತ."

"ಅವ್ನ ಹೆಂಡ್ತಿ ಬೇಡ ಅಂದ್ಲಾ?"

"ಇಲ್ಲ. ಅವ್ಳು ಚಾಪೆ ಹಾಸೋಕೆ ಎದ್ದಿದ್ಲು. ನಾನೇ ಬೇಡ ಅಂತ ಕಣ್ಣಲ್ಲಿ ಹೇಳ್ದೆ."

ನರ್ಸಿನ ಕೀಬೋರ್ಡಿನ ಸದ್ದು ನಿಂತಿತು. ಕಥೆಗಾರನಿಗೆ ತಾನು ಆಡಿದ್ದು ತನಗೇ ಆಗ ಕೇಳಿಸಿತು. ಅಜ್ಜಿ ಅದನ್ನು ಗಮನಿಸಿದಳೋ ಇಲ್ಲವೋ, ಸೆರಗಿನಿಂದ ಬಾಯಿ ಒರೆಸಿಕೊಂಡು, "ಎಲ್ಲಾ ಗೊತ್ತಿದೆ ನಿಂಗೆ. ಮತ್ತೆ ಒಂದೇ ಒಂದು ಸಾಲು ಬರ್ದು ಕೈ ತೊಳ್ಕೊಂಡಿದೀಯ. ಸೋಮಾರಿ," ಎಂದಳು. ಅಷ್ಟರಲ್ಲಿ ಒಳಗಿಂದ ಕರೆ ಬಂತು. ಅಜ್ಜಿ ತನ್ನ ಮೇಣದ ಹಲ್ಲು ಹಾಕಿಸಿಕೊಂಡು ನೋಡಲು ಎದ್ದು ಹೋದಳು.

ಕಥೆಗಾರ ಕುರ್ಚಿಯಿಂದ ಏಳಲಿಲ್ಲ. ಪೆನ್ಸಿಲ್ ಮೊಂಡಾಗಿತ್ತು. ಕೆತ್ತಲು ಏನಾದರೂ ಇದೆಯೇ ಎಂದು ಕೇಳಲು ಬಾಯಿ ತೆರೆದವನು ಮುಚ್ಚಿಕೊಂಡ. ಜೇಬಿನಲ್ಲಿದ್ದ ಲ್ಯಾಬಿನ ಚೀಟಿ ಪುಸ್ತಕ ತೆಗೆದು, ಹಲ್ಲಿನ ಬಣ್ಣ, ಅಳತೆ ಬರೆಯುವ ಗೆರೆಗಳಿದ್ದ ಹಾಳೆಗಳನ್ನು ತಿರುಗಿಸಿ ಹಿಂಬದಿಯಲ್ಲಿ ಬರೆಯತೊಡಗಿದ. ಮೀನುಗಳು ಓಡಾಡುತ್ತಿದ್ದವು. ಜನ ಬಂದರು, ಹೋದರು. ಯಾರದೋ ಮಗು ಅಳುತ್ತಾ ಒಳಗೆ ಹೋಗಿ ಅಳುತ್ತಲೇ ಹೊರಗೆ ಬಂತು. ಮಧ್ಯೆ ಒಂದು ಸಲ ಅವನಿಗೆ ಎದ್ದು ಓಡಿಬಿಡಬೇಕೆನ್ನಿಸಿತು, ಬಾಗಿಲವರೆಗೆ ಹೋಗಿಯೂ ಹೋದ. ಹೊರಗೆ ಬಿಸಿಲು ರಾಚುತ್ತಿತ್ತು. ಕಂಪೌಂಡರ್ ಬರೆದ ಅಪ್ಪುಗೆ ನೆನಪಾಗಿ ಬಂದು ಮತ್ತೆ ಕೂತ. ಪೆಟ್ಟಿಗೆಗೆ ಕಂದು ಬಣ್ಣ ಹಾಕಿದ.

ಕೊನೆಯ ಸಾಲು ಮುಗಿದಾಗ ನಾಲ್ಕೂ ಕಾಲು. ಹನ್ನೊಂದು ಚೀಟಿ. ಬೆರಳು ಮರಗಟ್ಟಿತ್ತು.

ಸಂಪಾದಕಿಯ ಮನೆ ಎರಡನೇ ಮಹಡಿಯಲ್ಲಿ. ಅವನು ಕೆಳಗಿನ ಅಂಗಳದಲ್ಲೇ, ಅಂಚೆ ಪೆಟ್ಟಿಗೆಗಳ ಸಾಲಿನ ಪಕ್ಕ ನಿಂತು ಬೆವರು ಒರೆಸಿಕೊಂಡ. ಹತ್ತಿ ಹೋಗಿ ಕೊಟ್ಟುಬಿಟ್ಟರೆ ಮುಗಿಯಿತು. ಆಮೇಲೆ ಅಚ್ಚಾಗುತ್ತದೆ, ಅಂಚೆಗೆ ಬೀಳುತ್ತದೆ, ಅಕ್ಕ ಒಬ್ಬಳೇ ಕೂತು ಓದುತ್ತಾಳೆ. ಒಬ್ಬಳೇ. ಗಂಟೆ ನೋಡಿದ: ನಾಲ್ಕೂ ನಲವತ್ತು. ಅಕ್ಕನಿಗೆ ಫೋನ್ ಹಚ್ಚಿದ. ಎತ್ತದಿದ್ದರೆ ಸಾಕು ಎಂದುಕೊಳ್ಳುತ್ತಿರುವಾಗಲೇ ಎತ್ತಿದಳು.

"ಏನೋ ಪುಟ್ಟ, ಈ ಹೊತ್ತಲ್ಲಿ? ಕೆಲ್ಸಕ್ಕೆ ಹೋಗಿಲ್ವಾ? ಹುಷಾರಾಗಿದೀಯ ತಾನೆ?"

"ಹುಷಾರಾಗಿದೀನಿ. ಅಕ್ಕಾ... ಕಥೆ ಬರ್ದೆ. ಉಳಿದಿದ್ದು."

"ಓ."

"ಇನ್ನೂ ಕೊಟ್ಟಿಲ್ಲ. ನೀನು ಬೇಡ ಅಂದ್ರೆ ಕೊಡಲ್ಲ. ಓದ್ಲಾ?"

ಆ ಕಡೆ ನಲ್ಲಿಯಿಂದ ನೀರು ಬೀಳುವ ಸದ್ದು, ಪಾತ್ರೆಗೆ ಪಾತ್ರೆ ತಾಗುವ ಸದ್ದು.

"ಎಷ್ಟುದ್ದ ಇದೆ?"

"ಹನ್ನೊಂದು ಚೀಟಿ."

"ಚೀಟೀಲಿ ಬರ್ದಿದೀಯಾ! ಒಂದು ಪುಸ್ತಕ ತಗೊಳಕ್ಕೆ ಏನು ಕಷ್ಟ ನಿಂಗೆ? ಓದು. ಪಾತ್ರೆ ತೊಳೀತಾ ಕೇಳ್ತೀನಿ, ಸಿಂಕ್ ತುಂಬಾ ಇದೆ."

ಅವನು ಓದತೊಡಗಿದ. ಅವಳು ಬಸ್ಸಿನಿಂದ ಇಳಿದಳು. ಬೀದಿ ದಾಟಿದಳು. ಆ ಕಡೆ ಚಮಚಗಳು ಕಿಣಿಕಿಣಿ ಎನ್ನುತ್ತಿದ್ದವು. ತಮ್ಮ ಬಾಗಿಲು ತೆಗೆದ. ಪೆಟ್ಟಿಗೆ ಇಸಿದುಕೊಳ್ಳಲಿಲ್ಲ. ಚಾಪೆ ಹಾಸಲು ಎದ್ದವಳು ಗಂಡನ ಕಣ್ಣು ನೋಡಿ ಹಾಗೇ ನಿಂತಳು. ಅಕ್ಕ ಊಟಕ್ಕೆ ಕೂತಾಗಲೂ ಪೆಟ್ಟಿಗೆ ಅವಳ ಮೊಣಕಾಲಿಗೆ ತಾಗಿಕೊಂಡೇ ಇತ್ತು. ಕಥೆಗಾರ ಏಳನೇ ಚೀಟಿ ಎತ್ತಿಕೊಂಡ. ಅದರಲ್ಲಿ ತಮ್ಮ ಒಂದು ಮಾತಾಡುತ್ತಿದ್ದ. ಹದಿನೇಳು ವರ್ಷದ ಹಿಂದೆ ಕಥೆಗಾರನೇ ಆಡಿದ ಮಾತು, ಆಡಿದ ಹಾಗೇ.

"'ಬೆಳಗ್ಗೆ ಆರಕ್ಕೆ ಮೊದಲ್ನೇ ಬಸ್ಸಿದೆ ಅಕ್ಕಾ,'" ಎಂದು ಓದಿದ. "'ನಾನೇ ಬಂದು ಹತ್ತಿಸ್ತೀನಿ.'"

ಚಮಚಗಳ ಸದ್ದು ನಿಂತಿತು. ಅವನೂ ನಿಲ್ಲಿಸಿದ. ಮೇಲೆ ಎರಡನೇ ಮಹಡಿಯಲ್ಲಿ ಬಾಗಿಲು ತೆರೆದುಕೊಂಡು, ಯಾರೋ ಗಂಟೆ ಎಷ್ಟೆಂದು ಯಾರನ್ನೋ ಕೇಳಿದರು. ಫೋನಿನಲ್ಲಿ ನೀರು ಮಾತ್ರ ಬೀಳುತ್ತಿತ್ತು, ಬೀಳುತ್ತಲೇ ಇತ್ತು.

ಆಮೇಲೆ ಅಕ್ಕ ನಲ್ಲಿ ನಿಲ್ಲಿಸಿದಳು. ನೆಲದ ಮೇಲೆ ಕುರ್ಚಿಯೊಂದನ್ನು ಎಳೆದುಕೊಂಡ ಸದ್ದು ಕೇಳಿಸಿತು. "ಹೂಂ, ಮುಂದೆ ಓದು," ಎಂದಳು.