ದ್ವೀಪದ ಒಪ್ಪಿಗೆ

ಮಟಕಿ ಊರಿನ ಮಲ್ಕಮ್ಮನ ಮನೆಯಲ್ಲಿ ಆ ವಾರವೆಲ್ಲ ಒಂದು ಪುಟ್ಟ ದ್ವೀಪದ್ದೇ ಮಾತು. ಮಗ ಜಗದೇವ ಎಣ್ಣೆ ಸಾಗಿಸುವ ಹಡಗಿನಲ್ಲಿ ಖಲಾಸಿ. ಆ ಹಡಗಿನ ಮೇಲೆ ಹಾರುವುದು ಅದೇ ದ್ವೀಪದ ಬಾವುಟ. ಯುದ್ಧ ಹೂಡಿದ ದೇಶದ ಎಣ್ಣೆ ಹೊರುವ ಹಡಗುಗಳನ್ನು ತಮ್ಮ ಯಾವ ಬಂದರಿಗೂ ಬಿಡಬಾರದೆಂದು ಯುರೋಪಿನ ಇಪ್ಪತ್ತೇಳು ದೇಶಗಳು ಠರಾವು ಮಾಡಲು ಕೂತಿದ್ದವು. ಹೊರದೇಶದ ವ್ಯವಹಾರದಲ್ಲಿ ಅಲ್ಲಿ ಎಲ್ಲರೂ ಹೂಂ ಅಂದರೇ ಹೂಂ. ಆ ಇಪ್ಪತ್ತೇಳರಲ್ಲಿ ಒಂದಾದ ಈ ದ್ವೀಪ ಮಾತ್ರ ಒಲ್ಲೆ ಅಂದಿತ್ತು.

ಜಗದೇವನ ಹಡಗು ಹೊರುವುದೂ ಅದೇ ಎಣ್ಣೆ. ಠರಾವಾದರೆ ಅವನು ನಡುಗಡಲಲ್ಲಿ ಸಿಕ್ಕಿಬೀಳುತ್ತಾನೆ. ಆಗದಿದ್ದರೆ ಬರುವ ವಾರ ದಡಕ್ಕಿಳಿದು ಊರಿಗೆ.

"ಎಷ್ಟ್ ದೊಡ್ಡದೋ ಆ ದೇಶ?" ಮಲ್ಕಮ್ಮ ಮೈದುನ ಧಮ್ಮಪಾಲನನ್ನು ಕೇಳಿದಳು. ಅವನು ಜೇವರ್ಗಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವವನು.

"ನಮ್ಮ ಆಳಂದ ತಾಲ್ಲೂಕಿನಾಗ ಅಂಥಾವು ನಾಕೈದು ಹಿಡಿತಾವ ವೈನಿ."

"ಅಷ್ಟ್ ಸಣ್ಣದು ದೊಡ್ಡೋರನ್ನೆಲ್ಲ ನಿಂದ್ರಿಸ್ಯದ! ಭೇಷ್!"

"ಭೇಷ್ ಅನಬ್ಯಾಡ್ರಿ. ಆ ಎಣ್ಣಿ ರೊಕ್ಕದಾಗೇ ಬಾಂಬ್ ಬರ್ತಾವ. ಅವು ಬೀಳೋ ಊರಿನ ತಾಯಂದ್ರೂ ಅಳಾಕತ್ತಾರ."

ಸೊಸೆ ಪಂಚಶೀಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಫೋನಿನಲ್ಲಿ ಅವಳೂ ಆ ತಾಯಂದಿರನ್ನು ನೋಡಿದ್ದಳು. ನೋಡಿ ಬೆರಳಿನಿಂದ ಸರಿಸಿದ್ದಳು. "ಖರೇ ಅದ ಮಾವ. ಆದ್ರ ಮೊದಲ ಇವರು ಇಳೀಲಿ. ಆಮ್ಯಾಲ ಬೇಕಾದ್ದು ಬಂದ್ ಮಾಡ್ಲಿ."

ಗುರುವಾರ ಧಮ್ಮಪಾಲನೇ ಫೋನು ಮಾಡಿದ. "ಠರಾವು ಆತು ವೈನಿ. ಆದ್ರ ಆ ದ್ವೀಪ ಹಟ ಹಿಡದು, ತನ್ನ ಬಾವುಟದ ಹಡಗಿಗೆ ಮೂರ್ ತಿಂಗಳ ಮುದ್ದತ್ ಬರೆಸಿಕೊಂಡದ. ಅಲ್ಲೀತನ ಅವಕ್ಕ ತಡೆ ಇಲ್ಲ."

"ಗೆದ್ದಿತಲ್ಲೋ ನಮ್ಮ ದ್ವೀಪ!" ಮಲ್ಕಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು.

"ಮಗಾ ಬರ್ತಾನಂತ ಸಕ್ರಿನೋ, ಪರದೇಶ ಗೆದ್ದಿದ್ದಕ್ಕೋ?" ಎಂದು ನೆರೆಯ ಬಾಳಮ್ಮ ಕಿಚಾಯಿಸಿದಳು.

ಸಂಜೆ ಜಗದೇವನ ಕರೆ ಬಂತು. ಅವನ ದನಿಯ ಹಿಂದೆ ಯಂತ್ರದ ಸದ್ದು.

"ಪಂಚಶೀಲಾ, ನಮ್ಮ ಬದಲಿ ಬರೋ ಮಂದೀನ ಬ್ಯಾಡ ಅಂದಾರ. ಮೂರ್ ತಿಂಗಳ ಸಿಕ್ಕದಲ್ಲ, ಅಷ್ಟರಾಗ ಆದಷ್ಟು ಎಣ್ಣಿ ಹೊರ್ರಿ ಅಂದಾನ ಮಾಲಕ. ಹಡಗ ತಿರುಗಿಸ್ಯಾರ. ಮತ್ತ ಎಣ್ಣಿ ತುಂಬೋ ಅದೇ ಬಂದರಕ್ಕ."

"ಅಲ್ಲಿ ಹ್ವಾದ ವಾರ ಬಾಂಬ್ ಬಿದ್ದಿತ್ತಲ್ರಿ?"

ಮಲ್ಕಮ್ಮ ಫೋನು ಕಸಿದುಕೊಂಡಳು. "ಜಗ್ಗ್ಯಾ, ಹಡಗಿನ ಸಲುವಾಗಿ ಆ ದ್ವೀಪದೋರು ಅಷ್ಟ್ ಜಗಳಾಡ್ಯಾರ. ಒಳಗಿದ್ದೋರ ಸಲುವಾಗಿ ಒಂದ್ ಮಾತೂ ಅನಲಿಲ್ಲೇನೋ?"

"ಅವರು ನಮ್ಮನ್ನ ನೋಡೇ ಇಲ್ಲ ಯವ್ವಾ. ನಾವೂ ಆ ದ್ವೀಪ ನೋಡಿಲ್ಲ. ಬಾವುಟ ಅಷ್ಟೇ ಅವರದು."

ಪಂಚಶೀಲಾ ಫೋನು ಮರಳಿ ತೆಗೆದುಕೊಂಡು ಅಂಗಳಕ್ಕೆ ಬಂದಳು. "ಅವತ್ತೇ ಎಲ್ಲಾರೂ ಹೂಂ ಅಂದಿದ್ರ ಚಲೋ ಇತ್ತ್ರಿ. ನಡುಗಡಲಾಗ ನಿಂತ್ರೂ ಆ ಬಂದರಕ್ಕ ಹೋಗೋದು ತಪ್ತಿತ್ತು," ಎಂದಳು.

"ಇಲ್ಲೂ ಎಲ್ಲಾರೂ ಅದನ್ನ ಅನ್ನಾಕತ್ತಾರ," ಎಂದ ಜಗದೇವ. "ಜೋರಲೆ ಯಾರೂ ಅನ್ನಂಗಿಲ್ಲ."